ಕೋಚಿಂಗ್ ಬೇಕು ಸರಿ, ಆದರೆ ಯಾವುದು?

ಕೆಲವು ವರ್ಷಗಳ ಹಿಂದೆ ನನಗೊಂದು 360 ಡಿಗ್ರಿ ಫೀಡ್‌ಬ್ಯಾಕ್ ವರದಿ ಬಂತು. ಮೇಲಿನವರು, ಸರೀಕರು, ನನ್ನ ಟೀಮಿನವರು ಎಲ್ಲರೂ ಹೆಸರು ಹಾಕದೆ ಬರೆದದ್ದು. ಪುಟಗಟ್ಟಲೆ ಗ್ರಾಫು, ಬಣ್ಣ ಬಣ್ಣದ ಚಾರ್ಟು. ಸಾರ ಮಾತ್ರ ಒಂದೇ ಸಾಲು: "ಎಲ್ಲಾ ತಾವೇ ಮಾಡ್ತಾರೆ, ಯಾರಿಗೂ ಬಿಟ್ಟುಕೊಡಲ್ಲ." ಓದಿ ಬೇಜಾರಾಯಿತು. ಆಶ್ಚರ್ಯ ಮಾತ್ರ ಆಗಲಿಲ್ಲ. ಎಚ್‌ಆರ್‌ನವರು ನನಗೊಬ್ಬ ಕೋಚನ್ನು, ಅಂದರೆ ಮಾತಾಡಿಸಿ, ಪ್ರಶ್ನೆ ಕೇಳಿ ನಮ್ಮ ಕೆಲಸದ ರೀತಿ ಬದಲಿಸಿಕೊಳ್ಳಲು ನೆರವಾಗುವವರನ್ನು, ಗೊತ್ತು ಮಾಡಿದರು.

ಕೋಚ್ ಒಳ್ಳೆಯವರೇ. ಗುರಿ ಏನು, ಈಗ ಎಲ್ಲಿದ್ದೀರಿ, ಏನೇನು ದಾರಿ ಇದೆ, ಯಾವುದನ್ನು ಯಾವಾಗ ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ತಿಂಗಳೊಳಗೆ ಮೂರು ಕೆಲಸ ಬೇರೆಯವರಿಗೆ ವಹಿಸಬೇಕು ಎಂದು ತೀರ್ಮಾನವಾಯಿತು. ವಹಿಸಿದೆ. ಆರು ವಾರ ಕಳೆಯುವಷ್ಟರಲ್ಲಿ ಮೂರೂ ನನ್ನ ಟೇಬಲ್ಲಿಗೆ ವಾಪಸ್ ಬಂದಿದ್ದವು. ಯಾರೂ ತಂದುಕೊಟ್ಟಿರಲಿಲ್ಲ. ನಾನೇ ಹೋಗಿ ಎತ್ತಿಕೊಂಡು ಬಂದಿದ್ದೆ.

ಆಮೇಲೆ ಬೇರೆ ಬಗೆಯ ಕೋಚಿಂಗ್ ನೋಡಿದೆ, ಒಂದೆರಡು ನಾಯಕತ್ವದ ತರಬೇತಿಗಳಲ್ಲಿ ಕೂತೆ. ಮುಂದೆ ಬೇರೆಯವರಿಗೆ ಕೋಚ್ ಹುಡುಕಿಕೊಡುವ ಕೆಲಸವೂ ನನ್ನ ತಲೆಗೇ ಬಂತು. ಇಷ್ಟರಲ್ಲಿ ನನಗೆ ಅರ್ಥವಾದದ್ದು ಇಷ್ಟು. "ಯಾವ ಪದ್ಧತಿ ಚೆನ್ನಾಗಿದೆ?" ಎಂದು ಶುರು ಮಾಡಿದರೆ ದಾರಿ ತಪ್ಪುತ್ತೇವೆ. ತೊಂದರೆ ಎಲ್ಲಿ ಕೂತಿದೆ ಅನ್ನೋದನ್ನು ಮೊದಲು ನೋಡಬೇಕು. ಅದನ್ನು ಕಂಡುಹಿಡಿಯಲು ಇಂಟಿಗ್ರಲ್ ಎಂದು ಕರೆಯುವ ಸಮಗ್ರ ನೋಟದಷ್ಟು ಉಪಯೋಗದ ಸಾಧನ ನಾನು ಬೇರೆ ಕಂಡಿಲ್ಲ. ಹಾಗಂತ ಎಲ್ಲರಿಗೂ ಇಂಟಿಗ್ರಲ್ ಕೋಚಿಂಗೇ ಬೇಕು ಎಂದೇನಿಲ್ಲ. ಈ ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಮೊದಲು ನಾಲ್ಕು ಮನೆ

ಇಂಟಿಗ್ರಲ್ ವಿಚಾರವನ್ನು ಹರಡಿದವರು ಅಮೆರಿಕದ ಚಿಂತಕ ಕೆನ್ ವಿಲ್ಬರ್. 1990ರ ದಶಕದ ನಡುವಿನಲ್ಲಿ ಅವರು ಕೊಟ್ಟ ನಾಲ್ಕು ಭಾಗದ ಚಿತ್ರವೇ ಇದರ ತಳಪಾಯ. ಒಂದು ಹಾಳೆಯ ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಿರಿ. ನಾಲ್ಕು ಮನೆ ಸಿಗುತ್ತದೆ. ಎಡಗಡೆ ಒಳಗಿನದು, ಬಲಗಡೆ ಹೊರಗೆ ಕಾಣುವುದು. ಮೇಲೆ ಒಬ್ಬ ಮನುಷ್ಯ, ಕೆಳಗೆ ಹಲವರು.

ನನ್ನ ರೋಗವನ್ನೇ ಇದರಲ್ಲಿ ಇಟ್ಟು ನೋಡೋಣ.

ಮೇಲಿನ ಬಲಮನೆಯಲ್ಲಿ ನಾನು ಮಾಡುತ್ತಿದ್ದದ್ದು ಬರುತ್ತದೆ. ರಾತ್ರಿ ಕೂತು ಬೇರೆಯವರ ಡ್ರಾಫ್ಟ್ ತಿದ್ದುವುದು, ಕರೆಯದ ಮೀಟಿಂಗಿಗೂ ಹೋಗಿ ಕೂರುವುದು. ಯಾರು ಬೇಕಾದರೂ ಕಣ್ಣಾರೆ ನೋಡಬಹುದಾದದ್ದು. ಮೇಲಿನ ಎಡಮನೆಯಲ್ಲಿ ನನ್ನ ತಲೆಯೊಳಗಿನದು: ತಪ್ಪಾದರೆ ನನ್ನ ಮರ್ಯಾದೆ ಏನಾದೀತು ಎನ್ನುವ ದಿಗಿಲು. ಕೆಳಗಿನ ಎಡಮನೆ ನಮ್ಮೆಲ್ಲರ ಬಾಯಿಬಿಡದ ಒಪ್ಪಂದದ್ದು. ನಮ್ಮಲ್ಲಿ "ಬಾಸ್‌ಗೆ ಪ್ರತಿಯೊಂದು ವಿವರ ಗೊತ್ತಿರಬೇಕು, ಗೊತ್ತಿಲ್ಲದವರು ಅಯೋಗ್ಯರು" ಎಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರೂ ನಂಬಿದ್ದರು. ಕೆಳಗಿನ ಬಲಮನೆಯಲ್ಲಿ ವ್ಯವಸ್ಥೆ: ಸಂಸ್ಥೆಯ ರಚನೆ, ನಿಯಮ, ಬಡ್ತಿ, ಸಾಫ್ಟ್‌ವೇರ್, ಫಾರ್ಮು. ಅಲ್ಲಿ ಏನಿತ್ತು ಗೊತ್ತಾ? ಒಂದು ಅನುಮೋದನೆ ಫಾರ್ಮ್. ಎಷ್ಟೇ ಸಣ್ಣ ಬಿಲ್ ಇರಲಿ, ಎಷ್ಟೇ ಸಣ್ಣ ಬದಲಾವಣೆ ಇರಲಿ, ನನ್ನ ಸಹಿ ಇಲ್ಲದೆ ಮುಂದೆ ಹೋಗುತ್ತಿರಲಿಲ್ಲ. ನಾನು ಕೆಲಸ ಹಂಚಿದರೂ ಫಾರ್ಮ್ ಅದನ್ನು ಎಳೆದು ನನ್ನ ಬಳಿಗೇ ತರುತ್ತಿತ್ತು.

ನನ್ನ ಮೊದಲ ಕೋಚ್ ಕೆಲಸ ಮಾಡಿದ್ದು ಮೇಲಿನ ಬಲಮನೆಯಲ್ಲಿ ಮಾತ್ರ. ಉಳಿದ ಮೂರು ಮನೆ ಹಾಗೇ ಇದ್ದವು. ಬಲಮನೆಯಲ್ಲಿ ಏನೇ ಬದಲಾದರೂ ಅವು ಸೇರಿಕೊಂಡು ಹಳೆಯದಕ್ಕೇ ಎಳೆದು ತಂದವು.

ಕಂಪನಿಗಳು ಜಾಸ್ತಿ ಎಡವುವುದು ಕೆಳಗಿನ ಬಲಮನೆಯಲ್ಲಿ. ಎರಡು ವಿಭಾಗಗಳಿಗೆ ಒಂದಕ್ಕೊಂದು ಒದೆಯುವ ಟಾರ್ಗೆಟ್ ಕೊಟ್ಟಿರುತ್ತಾರೆ. ಇಬ್ಬರು ಮುಖ್ಯಸ್ಥರು ಜಗಳವಾಡುತ್ತಾರೆ. ಆಗ ಜೋರು ದನಿಯವರಿಗೆ "ನಿಮ್ಮ ಕೋಪಕ್ಕೆ ಕೋಚಿಂಗ್ ಬೇಕು" ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂಥ ಕಡೆ ಯಾವ ಪದ್ಧತಿಯ ಕೋಚ್ ಬಂದರೂ ಏನೂ ಆಗುವುದಿಲ್ಲ. ಟಾರ್ಗೆಟ್ ಬದಲಿಸಬೇಕು, ಅಷ್ಟೇ.

ಆದ್ದರಿಂದ ಯಾರಿಗಾದರೂ ಫೋನ್ ಮಾಡುವ ಮೊದಲು ಆ ಹಾಳೆ ತೆಗೆದುಕೊಂಡು ನಿಮ್ಮ ತೊಂದರೆಯನ್ನು ನಾಲ್ಕೂ ಮನೆಯಲ್ಲಿ ಬರೆಯಿರಿ. ಒಂದು ಮನೆ ಖಾಲಿ ಬಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ, ನಿಮ್ಮ ಕಣ್ಣು ಅಲ್ಲಿಗೆ ಹೋಗುತ್ತಿಲ್ಲ ಎಂದರ್ಥ. ನಾನು ಮೊದಲ ಸಲ ಬರೆದಾಗ ಎಡಗಡೆಯ ಎರಡೂ ಮನೆ ಖಾಲಿ ಬಂದಿದ್ದವು.

ಗುರಿ ಹಿಡಿದು ಹೋಗುವ ಕೋಚಿಂಗ್

ನನ್ನ ಮೊದಲ ಕೋಚ್ ಹಿಡಿದದ್ದು ಗ್ರೋ ಎನ್ನುವ ದಾರಿ. ಗುರಿ, ವಾಸ್ತವ, ಆಯ್ಕೆ, ಸಂಕಲ್ಪ ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿ ಆದ ಹೆಸರು. 1992ರಲ್ಲಿ ಇದನ್ನು ಬರೆದು ಜನಪ್ರಿಯಗೊಳಿಸಿದವರು ಜಾನ್ ವಿಟ್‌ಮೋರ್. ಅವರು ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು, ಈ ಪದ್ಧತಿಯ ವೇಗ ನೋಡಿದರೆ ಒಪ್ಪುತ್ತದೆ ಅನಿಸುತ್ತದೆ.

ನನಗೆ ಅದು ಹಿಡಿಸಲಿಲ್ಲ ಎಂದು ಅದನ್ನು ತೆಗೆದುಹಾಕಬೇಡಿ. ಏನು ಬೇಕು ಎಂದು ಗೊತ್ತಿದೆ, ಹೇಗೆ ಎನ್ನುವುದಷ್ಟೇ ಗೊಂದಲ, ಒಳಗಡೆ ಯಾವ ಹಗ್ಗಜಗ್ಗಾಟವೂ ಇಲ್ಲ ಎಂದಾಗ ಇದೇ ಸಾಕು. ಹೊಸ ಹುದ್ದೆಯ ಮೊದಲ ಮೂರು ತಿಂಗಳು, ದೊಡ್ಡ ಪ್ರೆಸೆಂಟೇಶನ್, ಎರಡು ಅವಕಾಶಗಳ ನಡುವೆ ಒಂದನ್ನು ಆರಿಸುವುದು, ಇಂಥವಕ್ಕೆ ಇಂಟಿಗ್ರಲ್ ಕೋಚ್ ಹುಡುಕುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ನಾಲ್ಕಾರು ಭೇಟಿಯಲ್ಲಿ ಮುಗಿಯುತ್ತದೆ.

ಒಂದು ಗುರುತು ಇಟ್ಟುಕೊಳ್ಳಿ. ಅದೇ ಗುರಿಯನ್ನು ಈ ಮೊದಲೇ ಎರಡು ಮೂರು ಸಲ ಇಟ್ಟುಕೊಂಡು ಬಿಟ್ಟಿದ್ದೀರಿ ಎಂದಾದರೆ, ನಾಲ್ಕನೇ ಸಲ ಇನ್ನೂ ಚೆನ್ನಾಗಿ ಗುರಿ ಬರೆಯುವುದರಿಂದ ಪ್ರಯೋಜನವಿಲ್ಲ. ಹಾರ್ವರ್ಡ್‌ನ ರೊನಾಲ್ಡ್ ಹೈಫೆಟ್ಜ್ ಇಲ್ಲಿ ಒಂದು ಒಳ್ಳೆಯ ವ್ಯತ್ಯಾಸ ಹೇಳುತ್ತಾರೆ. ಕೆಲವು ತೊಂದರೆ ತಾಂತ್ರಿಕ, ಗೊತ್ತಿರುವ ಉತ್ತರ ತಂದು ಹಾಕಿದರೆ ಸರಿಹೋಗುತ್ತದೆ. ಇನ್ನು ಕೆಲವಕ್ಕೆ ನಾವೇ ಬದಲಾಗಬೇಕು, ನಮಗೆ ಪ್ರಿಯವಾದ ಏನನ್ನಾದರೂ ಬಿಡಬೇಕು. ಎರಡನೆಯದನ್ನು ಮೊದಲನೆಯದೆಂದು ತಿಳಿಯುವುದೇ ನಾಯಕರ ದೊಡ್ಡ ತಪ್ಪು ಎಂಬುದು ಅವರ ವಾದ. ನನ್ನ ಮಟ್ಟಿಗಂತೂ ಅದು ಖರೆ.

ನಡವಳಿಕೆ ತಿದ್ದುವ ಕೋಚಿಂಗ್

ಇದರಲ್ಲಿ ಹೆಸರಾದವರು ಮಾರ್ಷಲ್ ಗೋಲ್ಡ್‌ಸ್ಮಿತ್. ಅವರ ದಾರಿ ಬಹಳ ಸರಳ. ಬದಲಿಸಬೇಕಾದ ಒಂದೋ ಎರಡೋ ನಡವಳಿಕೆ ಆರಿಸಿಕೊಳ್ಳುವುದು. ಸುತ್ತಲಿನವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು. ತಿಂಗಳಿಗೊಮ್ಮೆ ಅವರ ಹತ್ತಿರ ಹೋಗಿ "ಮುಂದೆ ನಾನು ಏನು ಮಾಡಬಹುದು?" ಎಂದು ಕೇಳುವುದು. ಹಿಂದಿನ ತಪ್ಪಿನ ಪಟ್ಟಿ ಬೇಡ, ಮುಂದಿನ ಸಲಹೆ ಸಾಕು. ಕೊನೆಗೆ ಬದಲಾದಿರೋ ಇಲ್ಲವೋ ಎಂದು ಹೇಳುವವರೂ ಅವರೇ. ಸುತ್ತಲಿನವರು ಬದಲಾವಣೆ ಕಂಡಿಲ್ಲ ಎಂದರೆ ಫೀಸು ತೆಗೆದುಕೊಳ್ಳದ ಕೋಚ್ ಎಂದೇ ಗೋಲ್ಡ್‌ಸ್ಮಿತ್ ಪ್ರಸಿದ್ಧರು.

ಮಾತಿನ ಮಧ್ಯೆ ಬಾಯಿ ಹಾಕುವುದು, ಕೆಟ್ಟ ಸುದ್ದಿ ತಂದವರ ಮೇಲೆ ರೇಗುವುದು, ಇನ್ನೊಬ್ಬರ ಒಳ್ಳೆ ಐಡಿಯಾಗೂ ತನ್ನದೊಂದು ತಿದ್ದುಪಡಿ ಸೇರಿಸುವುದು, ಇಂಥ ಚಟಗಳಿಗೆ ಇದಕ್ಕಿಂತ ನೇರವಾದ ಮದ್ದು ನಾನು ನೋಡಿಲ್ಲ. ಹತ್ತು ಜನಕ್ಕೆ ಹೇಳಿಬಿಟ್ಟ ಮೇಲೆ ಹಿಂದೆ ಸರಿಯುವುದು ಕಷ್ಟ. ಆ ನಾಚಿಕೆಯೇ ಅರ್ಧ ಕೆಲಸ ಮಾಡುತ್ತದೆ.

ಆದರೆ ಸುಮ್ನೆ ಒಂದು 360 ವರದಿ ಕೈಗಿಟ್ಟು "ಬೆಳೆಯಿರಿ" ಎನ್ನುವುದು ಬೇರೆ ಕಥೆ. ಆವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ನಡೆದ ನೂರಾರು ಪ್ರಯೋಗಗಳ ಫಲಿತಾಂಶ ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಒಳ್ಳೆಯದೇ ಆಗಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು! ಅವರು ಕೊಟ್ಟ ವಿವರಣೆ ಹೀಗಿದೆ: ಗಮನ ಕೆಲಸದ ಮೇಲಿಂದ ಜಾರಿ "ನಾನೆಂಥವನು" ಎನ್ನುವುದರ ಮೇಲೆ ಬಿದ್ದಷ್ಟೂ ಫೀಡ್‌ಬ್ಯಾಕ್ ಸೋಲುತ್ತದೆ. ವರದಿ ಬಂದ ವಾರ ನಾನು ಮಾಡಿದ ಮೊದಲ ಕೆಲಸ ಏನು ಅಂತೀರಿ? ಯಾವ ಸಾಲು ಯಾರು ಬರೆದಿರಬಹುದು ಎಂದು ಲೆಕ್ಕ ಹಾಕಿದ್ದು.

ಒಳಗಿನ ಬ್ರೇಕ್ ಹುಡುಕುವ ಕೋಚಿಂಗ್

ನನಗೆ ನಿಜವಾಗಿ ಬಾಗಿಲು ತೆರೆದದ್ದು ಇದು. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ರಾಬರ್ಟ್ ಕೆಗನ್ ಹಾರ್ವರ್ಡ್‌ನಲ್ಲಿ ಬಹುಕಾಲ ಕಲಿಸಿದ ಮನಶ್ಶಾಸ್ತ್ರಜ್ಞ. ದೊಡ್ಡವರಾದ ಮೇಲೂ ಮನಸ್ಸಿನ ಅಳವು ಬೆಳೆಯುತ್ತದೆ ಎಂದು 1980ರ ದಶಕದಿಂದ ಹೇಳಿಕೊಂಡು ಬಂದವರು. ಅವರ ಲೆಕ್ಕದಲ್ಲಿ ದೊಡ್ಡವರಲ್ಲಿ ಮುಖ್ಯವಾಗಿ ಮೂರು ಬಗೆ. ಸುತ್ತಲಿನವರು ಏನಂದುಕೊಳ್ಳುತ್ತಾರೆ ಎನ್ನುವುದರಿಂದಲೇ ತಮ್ಮನ್ನು ಅಳೆದುಕೊಳ್ಳುವವರು. ತಮ್ಮದೇ ಅಳತೆಗೋಲು ಮಾಡಿಕೊಂಡವರು. ಆ ಅಳತೆಗೋಲನ್ನೇ ಕೈಲಿ ಹಿಡಿದು, ಇದು ಎಲ್ಲಿ ಸರಿ, ಎಲ್ಲಿ ಡೊಂಕು ಎಂದು ನೋಡಬಲ್ಲವರು. ಕೌಶಲ ಕಲಿಯುವುದು ಪಾತ್ರೆಗೆ ಇನ್ನಷ್ಟು ತುಂಬಿದ ಹಾಗೆ, ಈ ಬೆಳವಣಿಗೆ ಪಾತ್ರೆಯೇ ದೊಡ್ಡದಾದ ಹಾಗೆ. ಮೊದಲನೆಯದನ್ನು ಅಡ್ಡ ಬೆಳವಣಿಗೆ, ಎರಡನೆಯದನ್ನು ಮೇಲ್ಮುಖ ಬೆಳವಣಿಗೆ ಎನ್ನುವ ರೂಢಿ ಇದೆ.

ಕೆಗನ್ ಮತ್ತು ಲೀಸಾ ಲೇಹಿ ಸೇರಿ ಇದಕ್ಕೊಂದು ನಾಲ್ಕು ಕಂಬಸಾಲಿನ ಹಾಳೆ ಮಾಡಿದ್ದಾರೆ. ನನ್ನ ಎರಡನೇ ಕೋಚ್ ಅದನ್ನು ಮೇಜಿನ ಮೇಲೆ ಇಟ್ಟರು.

ಮೊದಲ ಸಾಲು: ನನಗೇನು ಬೇಕು? "ಕೆಲಸ ಹಂಚಬೇಕು."

ಎರಡನೇ ಸಾಲು: ಅದಕ್ಕೆ ಉಲ್ಟಾ ನಾನು ಏನೇನು ಮಾಡುತ್ತಿದ್ದೇನೆ? "ಡ್ರಾಫ್ಟನ್ನು ವಾಪಸ್ ಕಳಿಸದೆ ನಾನೇ ತಿದ್ದುತ್ತೇನೆ. ಒಂದು ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ನಾನೇ ಕೊಟ್ಟುಬಿಡುತ್ತೇನೆ. ಗಡುವಿಗೆ ಎರಡು ದಿನ ಮುಂಚೆ 'ಎಲ್ಲಿಗೆ ಬಂತು' ಎಂದು ಕೇಳಿ ಅರ್ಧ ಕೆಲಸ ಎಳೆದುಕೊಳ್ಳುತ್ತೇನೆ."

ಮೂರನೇ ಸಾಲಿಗೆ ಬರುವಾಗ ಕೋಚ್ ಒಂದು ಪ್ರಶ್ನೆ ಕೇಳಿದರು: "ಇವನ್ನೆಲ್ಲ ಮಾಡದೇ ಇದ್ದೀರಿ ಅಂದ್ಕೊಳ್ಳಿ. ಆಗ ಏನು ಭಯ ಆಗುತ್ತೆ?" ನಾನು ತಕ್ಷಣ "ಕ್ವಾಲಿಟಿ ಕೆಡುತ್ತೆ" ಎಂದೆ. "ಅದು ಕಂಪನಿಯ ಭಯ. ನಿಮ್ಮದು ಹೇಳಿ" ಎಂದರು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಬಂತು: ಮೀಟಿಂಗಿನಲ್ಲಿ ಯಾರೋ ಏನೋ ಕೇಳಿ, ನನಗೆ ಉತ್ತರ ಗೊತ್ತಿಲ್ಲದೆ, ಎಲ್ಲರೂ ನನ್ನ ಮುಖ ನೋಡುವ ಆ ಕ್ಷಣ. ಅಂದರೆ ನನ್ನೊಳಗೆ ಇನ್ನೊಂದು ಗುಟ್ಟಿನ ಹಟ ಇತ್ತು. "ನನಗೆ ಗೊತ್ತಿಲ್ಲ" ಎಂದು ಎಂದೂ ಹೇಳಬಾರದು. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ.

ನಾಲ್ಕನೇ ಸಾಲಿನಲ್ಲಿ ಆ ಹಟದ ಕೆಳಗಿರುವ ನಂಬಿಕೆ ಬರೆಯಬೇಕು. ನಾನು ಬರೆದದ್ದು: "ವಿವರ ಗೊತ್ತಿಲ್ಲದಿದ್ದರೆ ಈ ಕುರ್ಚಿಯಲ್ಲಿ ಕೂರಲು ನನಗೆ ಬೇರೆ ಯೋಗ್ಯತೆ ಏನಿದೆ?" ಬರೆದು ಓದಿದಾಗ ನಗು ಬಂತು, ಸ್ವಲ್ಪ ಹೊಟ್ಟೆಯೂ ಕಿವುಚಿತು.

ಆ ನಂಬಿಕೆ ಸುಳ್ಳು ಎಂದು ಕೋಚ್ ವಾದ ಮಾಡಲಿಲ್ಲ. "ಸಣ್ಣದಾಗಿ ಒಮ್ಮೆ ಪರೀಕ್ಷೆ ಮಾಡಿ ನೋಡಿ" ಎಂದರು. ಮುಂದಿನ ರಿವ್ಯೂ ಮೀಟಿಂಗಿನಲ್ಲಿ ಒಂದೇ ಒಂದು ಪ್ರಶ್ನೆಗೆ "ಇದು ನನಗೆ ಗೊತ್ತಿಲ್ಲ, ಕೆಲಸ ನೋಡಿಕೊಳ್ಳುವವರೇ ಹೇಳುತ್ತಾರೆ" ಎನ್ನಬೇಕು, ಏನಾಗುತ್ತದೆ ಎಂದು ಗಮನಿಸಬೇಕು. ಹೇಳಿದೆ. ಆದದ್ದು ಇಷ್ಟೇ: ನನ್ನ ಮೇಲಿನವರು ಕುರ್ಚಿ ತಿರುಗಿಸಿ ನಮ್ಮ ಟೀಮಿನ ಹುಡುಗಿಯನ್ನು ಕೇಳಿದರು, ಆಕೆ ನನಗಿಂತ ಚೆನ್ನಾಗಿ ಹೇಳಿದಳು, ಮೀಟಿಂಗ್ ಮುಂದುವರಿಯಿತು. ಯಾರೂ ನನ್ನ ಮುಖ ನೋಡಲಿಲ್ಲ.

ಇಂಥ ಕೋಚಿಂಗ್ ಯಾರಿಗೆ? ಒಂದೇ ಸಮಸ್ಯೆಗೆ ಪದೇ ಪದೇ ಬಡಿದುಕೊಂಡವರಿಗೆ. ಮನಸ್ಸು ಬಿಚ್ಚಿ ಮಾತಾಡಲು ಒಪ್ಪುವವರಿಗೆ. ಐದಾರು ತಿಂಗಳಾದರೂ ಕೊಡಬಲ್ಲವರಿಗೆ. ಕೆಲಸ ಹೋಗುವ ಹೆದರಿಕೆಯಲ್ಲಿ ಇರುವವರಿಗೆ, "ಇದು ಕೊನೆಯ ಅವಕಾಶ" ಎಂದು ಮೇಲಿನವರು ಕಳಿಸಿದವರಿಗೆ ಇದು ಬೇಡ. ನೆಲವೇ ಅಲುಗುವಾಗ ಯಾರೂ ತಮ್ಮ ನಂಬಿಕೆಗಳನ್ನು ಕೆದಕುವುದಿಲ್ಲ. ಕೆದಕು ಎನ್ನುವುದೂ ತಪ್ಪು.

ಮೆಟ್ಟಿಲು ಅಳೆಯುವ ಪರೀಕ್ಷೆಗಳು

ಮೇಲ್ಮುಖ ಬೆಳವಣಿಗೆಯ ಮಾತು ಬಂದಲ್ಲಿ "ನೀವು ಯಾವ ಹಂತ?" ಎನ್ನುವ ಪರೀಕ್ಷೆಯೂ ಬರುತ್ತದೆ. ಇದರ ಮೂಲ ಮನಶ್ಶಾಸ್ತ್ರಜ್ಞೆ ಜೇನ್ ಲೋವಿಂಗರ್ ಅವರ ವಾಕ್ಯ ಪೂರ್ತಿ ಮಾಡುವ ಪರೀಕ್ಷೆ. ಅರ್ಧ ಬರೆದ 36 ವಾಕ್ಯ ಕೊಡುತ್ತಾರೆ, ನೀವು ಪೂರ್ತಿ ಮಾಡಬೇಕು. ಏನು ಬರೆದಿರಿ ಎನ್ನುವುದಕ್ಕಿಂತ ಹೇಗೆ ಯೋಚಿಸಿ ಬರೆದಿರಿ ಎಂದು ತರಬೇತಿ ಪಡೆದವರು ಓದಿ ನೋಡುತ್ತಾರೆ. ಸುಸಾನ್ ಕುಕ್-ಗ್ರೂಟರ್ ಮತ್ತು ಬಿಲ್ ಟೋರ್ಬರ್ಟ್ ಇದನ್ನು ನಾಯಕರಿಗೆ ಹೊಂದಿಸಿದರು.

ಡೇವಿಡ್ ರೂಕ್ ಮತ್ತು ಟೋರ್ಬರ್ಟ್ 2005ರಲ್ಲಿ ಅಮೆರಿಕ, ಯುರೋಪಿನ ಸಾವಿರಾರು ಜನರ ಫಲಿತಾಂಶ ಪ್ರಕಟಿಸಿದರು. ಏಳು ಹಂತ. ತನ್ನ ಪರಿಣತಿಯೇ ಸತ್ಯ ಎಂದು ನಂಬುವ ಎಕ್ಸ್‌ಪರ್ಟ್ ಹಂತದಲ್ಲಿ ಶೇ. 38 ಜನ, ಫಲಿತಾಂಶಕ್ಕೆ ದುಡಿಯುವ ಅಚೀವರ್ ಹಂತದಲ್ಲಿ ಶೇ. 30. ಇಡೀ ಸಂಸ್ಥೆಯನ್ನೇ ಬದಲಿಸಬಲ್ಲ ಸ್ಟ್ರಾಟಜಿಸ್ಟ್ ಶೇ. 4, ಕೊನೆಯ ಹಂತದವರು ಶೇ. 1. ಈ ಅಂಕಿ ನೋಡಿ ನನಗೆ ಒಂದು ವಿಷಯದಲ್ಲಿ ಸಮಾಧಾನವಾಯಿತು: "ನನಗೇ ಎಲ್ಲಾ ಗೊತ್ತಿರಬೇಕು" ಎನ್ನುವ ರೋಗಕ್ಕೆ ಒಂದು ಹೆಸರಿದೆ, ಜೊತೆಗೆ ತುಂಬಾ ಜನರಿದ್ದಾರೆ.

ಪರೀಕ್ಷೆ ಕೆಟ್ಟದ್ದಲ್ಲ. ಅದು ಕೈಯಿಂದ ಕೈಗೆ ಹೋಗುವಾಗ ಕೆಡುತ್ತದೆ. ಕಾರ್ಯಕ್ರಮ ಮುಗಿದ ಎರಡೇ ವಾರಕ್ಕೆ "ಅವರಿನ್ನೂ ಎಕ್ಸ್‌ಪರ್ಟ್ ಬಿಡಿ" ಎಂದು ಕಾರಿಡಾರಿನಲ್ಲಿ ಮಾತಾಡುವುದನ್ನು ನಾನು ಕೇಳಿದ್ದೇನೆ. ಬೆಳವಣಿಗೆಯ ನಕ್ಷೆ ಎಂದು ಕೊಟ್ಟದ್ದು ಹೊಸ ಜಾತಿಪಟ್ಟಿಯಾಗಿ ಹೋಗಿತ್ತು. ನೇಮಕಾತಿಗೆ, ಬಡ್ತಿಗೆ ಈ ಅಂಕ ಬಳಸುತ್ತೇವೆ ಎನ್ನುವ ಸಂಸ್ಥೆಯಲ್ಲಿ ಇದನ್ನು ಬರೆಯಲು ಒಪ್ಪಬೇಡಿ. ಮೂರು ತಿಂಗಳಲ್ಲಿ ಒಂದು ಹಂತ ಏರಿಸುತ್ತೇವೆ ಎನ್ನುವವರ ಕಡೆ ತಿರುಗಿಯೂ ನೋಡಬೇಡಿ. ಇಂಥ ಬದಲಾವಣೆ ವರ್ಷಗಳ ಲೆಕ್ಕದ್ದು.

360 ಫೀಡ್‌ಬ್ಯಾಕ್ ಮತ್ತು ಒಳಗಿನ ನೋಟ ಎರಡನ್ನೂ ಬೆಸೆದ ಸಾಧನವೂ ಇದೆ. ಬಾಬ್ ಆಂಡರ್ಸನ್ ರೂಪಿಸಿದ ಲೀಡರ್‌ಶಿಪ್ ಸರ್ಕಲ್ ಪ್ರೊಫೈಲ್. ಚಕ್ರದ ಮೇಲಿನ ಅರ್ಧದಲ್ಲಿ ಕಟ್ಟುವ ಗುಣಗಳು, ಕೆಳಗಿನ ಅರ್ಧದಲ್ಲಿ ಹೆದರಿಕೆಯಿಂದ ಹುಟ್ಟುವ ವರ್ತನೆಗಳು: ಎಲ್ಲರನ್ನೂ ಮೆಚ್ಚಿಸುವುದು, ದೂರ ನಿಂತು ತನ್ನನ್ನು ಕಾಪಾಡಿಕೊಳ್ಳುವುದು, ಹಿಡಿತ ಬಿಡದಿರುವುದು. ಕೇವಲ "ಹಂಚಲ್ಲ" ಎಂದು ಹೇಳಿ ಬಿಡದೆ ಅದರ ಬೇರಿನ ಕಡೆಗೂ ಬೆರಳು ತೋರಿಸುತ್ತದೆ. 360 ಮಾಡಿಸುವುದು ಹೇಗೂ ಖಚಿತ ಎಂದಾದರೆ, ಇಂಥದ್ದನ್ನು ಮಾಡಿಸುವುದು ವಾಸಿ. ಆದರೆ ಓದಿ ಹೇಳುವವರು ಪಕ್ಕದಲ್ಲಿ ಇರಲೇಬೇಕು. ಇಮೇಲಿನಲ್ಲಿ ಬಂದರೆ ಅದೂ ಬರೀ ಬಣ್ಣದ ಚಾರ್ಟೇ.

ಇನ್ನು ಪೂರ್ತಿ ಇಂಟಿಗ್ರಲ್

ಇಂಟಿಗ್ರಲ್ ಕೋಚಿಂಗ್ ಎಂದು ಹೆಸರಿಟ್ಟುಕೊಂಡವರೂ ಒಂದೇ ಬಗೆಯವರಲ್ಲ. ಎರಡು ಮುಖ್ಯ ಮನೆತನ ಗೊತ್ತಿದ್ದರೆ ಸಾಕು. ಒಂದು, ಜೇಮ್ಸ್ ಫ್ಲಾಹರ್ಟಿ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ನ್ಯೂ ವೆಂಚರ್ಸ್ ವೆಸ್ಟ್. ಇವರ ಬೇರು ತತ್ವಶಾಸ್ತ್ರದಲ್ಲಿ, ಭಾಷೆಯಲ್ಲಿ, ದೇಹದ ಅಭ್ಯಾಸದಲ್ಲಿ ಇದೆ. ವಿಲ್ಬರ್ ಪೂರ್ತಿ ಯಜಮಾನರಲ್ಲ. ಇನ್ನೊಂದು, ಜೊಆನ್ ಹಂಟ್ ಮತ್ತು ಲಾರಾ ಡಿವೈನ್ ಕಟ್ಟಿದ ಇಂಟಿಗ್ರಲ್ ಕೋಚಿಂಗ್ ಕೆನಡಾ. ಇವರು ವಿಲ್ಬರ್ ಅವರ ನಕ್ಷೆಯನ್ನು ನೇರವಾಗಿ ಹಿಡಿದವರು. ನಾಲ್ಕು ಮನೆಗಳ ಜೊತೆಗೆ ಬೆಳವಣಿಗೆಯ ಹಂತ, ಬೇರೆ ಬೇರೆ ಸಾಮರ್ಥ್ಯಗಳ ಎಳೆ, ಮನಸ್ಸಿನ ಸ್ಥಿತಿ, ಸ್ವಭಾವದ ಬಗೆ ಎಲ್ಲವನ್ನೂ ನೋಡುತ್ತಾರೆ.

ಕೆಲಸದ ರೀತಿಯಲ್ಲಿ ಇಬ್ಬರಿಗೂ ಒಂದು ಹೋಲಿಕೆ ಇದೆ. ಭೇಟಿಯ ದಿನ ನಡೆಯುವುದಕ್ಕಿಂತ ಎರಡು ಭೇಟಿಗಳ ನಡುವೆ ನಡೆಯುವುದೇ ಮುಖ್ಯ. ದಿನಾ ಒಂದು ಅಭ್ಯಾಸ, ದಿನಾ ಒಂದಿಷ್ಟು ಗಮನಿಸಿ ಬರೆಯುವುದು. ನನಗೆ ಕೊಟ್ಟ ಒಂದು ಅಭ್ಯಾಸ ಇನ್ನೂ ನೆನಪಿದೆ. ದಿನಕ್ಕೆ ಎರಡು ಸಲ ನಿಂತು ನೋಡಬೇಕು: ಈಗ ತಾನೇ ಯಾರೋ ಕೇಳಿದ್ದಕ್ಕೆ ನಾನು ಉತ್ತರ ಕೊಡುವ ಮುಂಚೆ ನನ್ನ ಉಸಿರು ಎಲ್ಲಿತ್ತು, ಭುಜ ಹೇಗಿತ್ತು? ಮೊದಲ ವಾರ ಇದು ತಮಾಷೆ ಅನಿಸಿತು. ಮೂರನೇ ವಾರಕ್ಕೆ ಒಂದು ವಿಷಯ ಸಿಕ್ಕಿತು. ಡ್ರಾಫ್ಟ್ ಎಳೆದುಕೊಳ್ಳುವ ಮುಂಚೆ ನನ್ನ ದವಡೆ ಬಿಗಿಯುತ್ತಿತ್ತು, ಪ್ರತಿ ಸಲ. ಯೋಚನೆ ಬರುವ ಮೊದಲೇ ದೇಹ ತೀರ್ಮಾನ ಮಾಡಿಯಾಗಿತ್ತು. ದವಡೆ ಬಿಗಿದ ಕೂಡಲೇ ಕೈ ಹಿಂದೆ ತೆಗೆಯುವುದನ್ನು ಕಲಿತೆ. ಗುರಿ ಬರೆದಿಟ್ಟದ್ದರಿಂದ ಆಗದ್ದು ಇದರಿಂದ ಆಯಿತು.

ಇದರ ಬಲ ಇರುವುದು ಇಲ್ಲೇ. ಒಳಗಿನ ನಂಬಿಕೆ, ಹೊರಗಿನ ಚಟ, ದೇಹ, ಸುತ್ತಲಿನ ಜನ, ವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ದೊಡ್ಡ ತಿರುವಿನಲ್ಲಿ ಇರುವವರಿಗೆ ಇದು ಹೊಂದುತ್ತದೆ. ಒಂದು ವಿಭಾಗದಿಂದ ಇಡೀ ಸಂಸ್ಥೆಗೆ ಏರಿದವರು, ಇಷ್ಟು ದಿನ ಗೆಲ್ಲಿಸಿದ ಗುಣವೇ ಈಗ ಕಾಲಿಗೆ ತೊಡರಿಕೊಂಡವರು, ಇಂಥವರಿಗೆ.

ದೌರ್ಬಲ್ಯವೂ ಇದೆ. ಸಮಯ ಜಾಸ್ತಿ, ಹೋಮ್‌ವರ್ಕ್ ಜಾಸ್ತಿ, ಪಾರಿಭಾಷಿಕ ಮಾತಂತೂ ಇನ್ನೂ ಜಾಸ್ತಿ. ಎಲ್ಲವನ್ನೂ ಒಳಗೊಳ್ಳುತ್ತೇನೆ ಎನ್ನುವ ನಕ್ಷೆಯನ್ನು ಪ್ರಯೋಗ ಮಾಡಿ ಪರೀಕ್ಷಿಸುವುದು ಕಷ್ಟ. 2014ರಲ್ಲಿ ಟೀಬೂಮ್ ಮತ್ತು ಸಂಗಡಿಗರು ಕೋಚಿಂಗ್ ಬಗ್ಗೆ ಆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕೋಚಿಂಗ್‌ನಿಂದ ಕೆಲಸದ ಮೇಲೆ, ನೆಮ್ಮದಿಯ ಮೇಲೆ, ಗುರಿ ಹಿಡಿದು ನಡೆಯುವುದರ ಮೇಲೆ ಒಳ್ಳೆ ಪರಿಣಾಮ ಕಂಡಿತು. ಅದು ಒಟ್ಟಾರೆ ಕೋಚಿಂಗ್‌ನ ಮಾತು. ಇಂಟಿಗ್ರಲ್ ಉಳಿದವಕ್ಕಿಂತ ಮೇಲು ಎಂದು ಅದರಿಂದ ಹೇಳಲು ಬರುವುದಿಲ್ಲ. ಹಾಗೆ ಹೇಳಿ ಮಾರುವವರ ಹತ್ತಿರ ಸ್ವಲ್ಪ ಹುಷಾರಾಗಿರಿ. ಇನ್ನು ಕೆಲವು ಇಂಟಿಗ್ರಲ್ ವಲಯಗಳಲ್ಲಿ ಅಧ್ಯಾತ್ಮದ ಮಾತು ಬಹಳ. ನಿಮಗೆ ಇಷ್ಟವಿದ್ದರೆ ಸರಿ. ಆಫೀಸು ದುಡ್ಡು ಕೊಟ್ಟು ಕಳಿಸಿದ ಜಾಗದಲ್ಲಿ ಅದನ್ನು ಯಾರ ಮೇಲೂ ಹೇರಬಾರದು.

ಒಬ್ಬರಿಗಾ, ಗುಂಪಿಗಾ?

ತೊಂದರೆ ಕೆಳಗಿನ ಎಡಮನೆಯಲ್ಲಿ, ಅಂದರೆ ನಮ್ಮ ನಮ್ಮ ನಡುವಿನ ನಂಬಿಕೆಯಲ್ಲಿ ಇದ್ದರೆ, ಒಬ್ಬರಿಗೆ ಕೋಚಿಂಗ್ ಕೊಟ್ಟು ಏನು ಬಂತು? ಅಲ್ಲಿ ಇಡೀ ಟೀಮ್ ಕೂರಬೇಕು. ನಾನು ಮೆಚ್ಚುವುದು ರೆಗ್ ರೆವನ್ಸ್ ಎಂಬ ಇಂಗ್ಲಿಷ್ ಭೌತವಿಜ್ಞಾನಿ ಹುಟ್ಟುಹಾಕಿದ ಆ್ಯಕ್ಷನ್ ಲರ್ನಿಂಗ್. ನಾಲ್ಕೈದು ಜನ ಕೂತು ಒಬ್ಬರ ನಿಜವಾದ, ಇನ್ನೂ ಬಗೆಹರಿಯದ ಸಮಸ್ಯೆ ತೆಗೆದುಕೊಳ್ಳುತ್ತಾರೆ. ಸಲಹೆ ಕೊಡುವಂತಿಲ್ಲ, ಪ್ರಶ್ನೆ ಮಾತ್ರ. ಸಲಹೆ ಕೊಟ್ಟೇ ಬಡ್ತಿ ಪಡೆದ ಜನಕ್ಕೆ ಇದು ಎಂಥ ಕಷ್ಟ ಎಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಎರಡು ದಿನದ ರೆಸಾರ್ಟ್ ವರ್ಕ್‌ಶಾಪ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಹೊಸ ವಿಚಾರ ಪರಿಚಯವಾಗುತ್ತದೆ, ಪಕ್ಕದ ವಿಭಾಗದವರ ಹೆಸರು ಗೊತ್ತಾಗುತ್ತದೆ.

ಕೋಚ್ ಎದುರು ಕೂತಾಗ

ಪದ್ಧತಿ ಆರಿಸಿದ ಮೇಲೆ ಮನುಷ್ಯರನ್ನು ಆರಿಸಬೇಕು. ನನ್ನ ಅನುಭವದಲ್ಲಿ ಎರಡನೆಯದೇ ದೊಡ್ಡದು. ಸಂಶೋಧನೆಗಳಲ್ಲೂ ಕೋಚ್ ಜೊತೆಗಿನ ಹೊಂದಾಣಿಕೆ ಚೆನ್ನಾಗಿದ್ದಲ್ಲಿ ಫಲವೂ ಚೆನ್ನಾಗಿರುವುದು ಮತ್ತೆ ಮತ್ತೆ ಕಂಡಿದೆ.

ಸರ್ಟಿಫಿಕೇಟ್ ನೋಡುವುದಾದರೆ ಹೆಚ್ಚಾಗಿ ಸಿಗುವುದು 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, ಐಸಿಎಫ್‌ನದು. ಕೆಳಗಿನಿಂದ ಮೇಲಕ್ಕೆ ಮೂರು ಮಟ್ಟ. ಎಸಿಸಿ ಎನ್ನುವ ಮೊದಲ ಮಟ್ಟಕ್ಕೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ. ಪಿಸಿಸಿಗೆ 125 ಮತ್ತು 500. ಎಂಸಿಸಿಗೆ 200 ಮತ್ತು 2,500. ಇದರಿಂದ ಎಷ್ಟು ಗಂಟೆ ಕೂತಿದ್ದಾರೆ ಎಂದು ತಿಳಿಯುತ್ತದೆ, ನಿಮ್ಮ ತೊಂದರೆ ಇರುವ ಮನೆ ಅವರಿಗೆ ಪರಿಚಯವೇ ಎಂದು ತಿಳಿಯುವುದಿಲ್ಲ. ಅದನ್ನು ಮಾತಾಡಿಸಿಯೇ ನೋಡಬೇಕು. ಕಡಿಮೆ ಎಂದರೂ ಇಬ್ಬರ ಜೊತೆ ಅರ್ಧ ಗಂಟೆ ಮಾತಾಡಿ. ನಾನು ಕೇಳುವ ಪ್ರಶ್ನೆಗಳು ಇವು:

- ನಿಮ್ಮಿಂದ ಪ್ರಯೋಜನ ಆಗದೇ ಹೋದ ಒಂದು ಪ್ರಕರಣ ಹೇಳಿ, ಹೆಸರು ಬೇಡ. ಏನಾಯಿತು?
- ಎರಡು ಭೇಟಿಗಳ ನಡುವೆ ನಾನು ಏನು ಮಾಡಬೇಕಾಗುತ್ತದೆ?
- ನನ್ನ ಬಾಸ್ ಕೇಳಿದರೆ ಏನು ಹೇಳುತ್ತೀರಿ, ಏನು ಹೇಳುವುದಿಲ್ಲ?
- ನನಗೆ ಕೋಚಿಂಗ್ ಅಲ್ಲ, ಕೌನ್ಸೆಲಿಂಗ್ ಬೇಕು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?

ಮೊದಲ ಪ್ರಶ್ನೆಗೆ ತಡವರಿಸಿದರೂ ಪರವಾಗಿಲ್ಲ. "ಹಾಗೆ ಆಗಿಯೇ ಇಲ್ಲ" ಎಂದರೆ ಅವರನ್ನು ಬಿಡಿ. ಮೂರನೆಯದಕ್ಕೆ ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದುಡ್ಡು ಕೊಡುವುದು ಕಂಪನಿ, ಮನಸ್ಸು ಬಿಚ್ಚುವುದು ನೀವು. ಈ ಎಳೆದಾಟ ಯಾವ ಪದ್ಧತಿಯಲ್ಲೂ ತಪ್ಪಿದ್ದಲ್ಲ. ನಾನು ಒಪ್ಪಿಕೊಳ್ಳುವ ಸೂತ್ರ ಇದು: ಗುರಿ ಏನು, ಎಷ್ಟು ಭೇಟಿ ಆಯಿತು, ಇಷ್ಟು ಮಾತ್ರ ಕೋಚ್ ಹೇಳಬಹುದು. ಉಳಿದದ್ದು ಹೇಳಬೇಕೋ ಬೇಡವೋ ನನಗೆ ಬಿಟ್ಟದ್ದು.

ಇನ್ನೊಂದು, ಅರ್ಧದಾರಿಯಲ್ಲಿ ನಿಂತು ನೋಡುವ ದಿನವನ್ನು ಮೊದಲೇ ಗೊತ್ತು ಮಾಡಿ. ಗುರಿ ಹಿಡಿದ ಕೋಚಿಂಗ್ ಆದರೆ ಎರಡನೇ ಭೇಟಿಗೇ ಏನಾದರೂ ಕಾಣಬೇಕು. ನಡವಳಿಕೆ ತಿದ್ದುವುದಕ್ಕೆ ಮೂರು ತಿಂಗಳು, ಆಗ ಸುತ್ತಲಿನವರನ್ನೇ ಕೇಳಿ. ಒಳಗಿನ ಕೆಲಸಕ್ಕೆ, ಇಂಟಿಗ್ರಲ್‌ಗೆ ಮೂರು ತಿಂಗಳಲ್ಲಿ ಕಾಣಬೇಕಾದದ್ದು ಬದಲಾವಣೆಯಲ್ಲ. ತಪ್ಪು ಮಾಡಿದ ಮೇಲೆ ಗೊತ್ತಾಗುತ್ತಿದ್ದದ್ದು ಈಗ ಮಾಡುತ್ತಿರುವಾಗಲೇ ಗೊತ್ತಾಗುತ್ತಿದೆಯಾ? ಅಷ್ಟು ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ಮುಲಾಜಿಲ್ಲದೆ ನಿಲ್ಲಿಸಿ.

ನನ್ನ ಸಹಿಯ ಫಾರ್ಮ್ ಏನಾಯಿತು ಎಂದು ಕೇಳುತ್ತೀರೇನೋ. ದವಡೆ ಸಡಿಲವಾಗಿ ನಾಲ್ಕು ತಿಂಗಳಾದ ಮೇಲೂ ಅದು ಹಾಗೇ ಇತ್ತು. ಕೊನೆಗೆ ಫೈನಾನ್ಸ್‌ನವರ ಜೊತೆ ಮೂರು ಮೀಟಿಂಗ್ ಮಾಡಿ, ಸಣ್ಣ ಮೊತ್ತಕ್ಕೆ ಟೀಮ್ ಲೀಡ್‌ಗಳ ಸಹಿಯೇ ಸಾಕು ಎಂದು ಬರೆಸಿದೆವು. ಆ ವಾರ ನನ್ನ ಟ್ರೇ ಖಾಲಿ ಇತ್ತು. ಎರಡು ಸಲ ಹೋಗಿ ನೋಡಿ ಬಂದೆ.